ದಾರ, ಗುಂಡು ಮತ್ತು ಮೊಳೆ

ನೀರು ತುಂಬಿದ ಚೆಂಬಿನ ಕೊರಳಿಗೆ ಹಗ್ಗ ಬಿಗಿದು, ಅದನ್ನು ಕಾಲ ಬಳಿಯಿಂದ ತಲೆಯ ಮೇಲಕ್ಕೂ ತಲೆಯ ಮೇಲಿನಿಂದ ಕಾಲ ಬಳಿಗೂ ಗಿರಗಿರನೆ ತಿರುಗಿಸುವ ಆಟವನ್ನು ನಮ್ಮ ಹಳ್ಳಿಯ ಹುಡುಗರೆಲ್ಲರೂ ಆಡಿದ್ದೆವು. ಚೆಂಬು ತಲೆಕೆಳಗಾದಾಗಲೂ ಒಂದು ಹನಿ ನೀರು ಚೆಲ್ಲುತ್ತಿರಲಿಲ್ಲ. ಕೈ ಸೋತು ವೇಗ ತಗ್ಗಿತೆಂದರೆ ಮಾತ್ರ ಅಷ್ಟೂ ನೀರು ನೆತ್ತಿಯ ಮೇಲೆಯೇ ಸುರಿಯುತ್ತಿತ್ತು. ನೀರು ಏಕೆ ಬೀಳುವುದಿಲ್ಲವೆಂದು ಹಿರಿಯರನ್ನು ಕೇಳಿದರೆ, “ವೇಗಕ್ಕೆ ತಳಕ್ಕೆ ಅಂಟಿಕೊಂಡಿರುತ್ತದೆ ಕಣೋ” ಎಂಬ ಉತ್ತರ ದೊರೆಯುತ್ತಿತ್ತು. ಆ ಉತ್ತರದಿಂದ ನನಗೆ ಅನೇಕ ವರ್ಷಗಳ ಕಾಲ ತೃಪ್ತಿಯಾಗಿತ್ತು. ಅದು ಸಾಲದೆಂದು ತಿಳಿದದ್ದು ನಾನೇ ಉಪಾಧ್ಯಾಯನಾದ ಮೇಲೆ, ಅದೂ ಒಂದು ತಪ್ಪು ಮಾಡಿದ ಮೇಲೆ.

ನಾನು ಕನ್ನಡ ಬೋಧಿಸುತ್ತಿದ್ದವನು. ಒಮ್ಮೆ ವಿಜ್ಞಾನದ ಮೇಷ್ಟ್ರು ರಜೆಯ ಮೇಲೆ ಹೋದಾಗ ಅವರ ಒಂದು ತರಗತಿಯನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು. ಮಕ್ಕಳು ಒಂದು ಲೆಕ್ಕವನ್ನು ಮಾಡುತ್ತಿದ್ದರು. ಒಂದು ಇಳಿಜಾರು, ಅದರ ಕೆಳತುದಿಯಲ್ಲಿ ಹಳಿಯನ್ನು ಬಳೆಯಂತೆ ಬಗ್ಗಿಸಿ ನೆಟ್ಟಗೆ ನಿಲ್ಲಿಸಿದೆ. ಘರ್ಷಣೆಯಿಲ್ಲದೆ ಜಾರಿ ಬರುವ ಒಂದು ಸಣ್ಣ ವಸ್ತುವು ಆ ಬಳೆಯ ಒಳಮೈಯನ್ನು ಎಲ್ಲಿಯೂ ಬಿಡದೆ ಪೂರ್ತಿ ಒಂದು ಸುತ್ತು ಬರಬೇಕಾದರೆ ಅದನ್ನು ಎಷ್ಟು ಎತ್ತರದಿಂದ ಬಿಡಬೇಕು? ಪುಸ್ತಕದ ಕೊನೆಯಲ್ಲಿ ಉತ್ತರವಿತ್ತು: ಬಳೆಯ ತ್ರಿಜ್ಯದ 2.5 ರಷ್ಟು.

ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದುನಿಂತಳು. “ಸಾರ್, ಬಳೆಯ ಎತ್ತರ ತ್ರಿಜ್ಯದ ಎರಡರಷ್ಟು ತಾನೆ? ಶಕ್ತಿ ನಾಶವಾಗುವುದಿಲ್ಲ ಎಂದು ಓದಿದ್ದೇವೆ. ಹಾಗಿದ್ದ ಮೇಲೆ ಎರಡರಷ್ಟು ಎತ್ತರದಿಂದ ಬಿಟ್ಟ ವಸ್ತು ಬಳೆಯ ನೆತ್ತಿಯವರೆಗೆ ಏರಲೇಬೇಕಲ್ಲವೆ? ಉಳಿದ ಈ ಅರ್ಧ ಯಾರಿಗೆ, ಸಾರ್?”

ಪ್ರಶ್ನೆ ನನಗೆ ನ್ಯಾಯವಾಗಿ ಕಂಡಿತು. ಎತ್ತರದಲ್ಲಿರುವ ವಸ್ತುವಿಗೆ ಪ್ರಚ್ಛನ್ನಶಕ್ತಿ ಇರುತ್ತದೆ. ಇಳಿಯುತ್ತ ಬಂದಂತೆ ಅದು ಚಲನಶಕ್ತಿಯಾಗುತ್ತದೆ. ಮತ್ತೆ ಏರುವಾಗ ಚಲನಶಕ್ತಿಯು ತಿರುಗಿ ಪ್ರಚ್ಛನ್ನಶಕ್ತಿಯಾಗುತ್ತದೆ. ಎರಡರ ಮೊತ್ತ ಮಾತ್ರ ಬದಲಾಗದು. ಇಷ್ಟನ್ನು ನಾನೂ ಬಲ್ಲೆ. “ಅಚ್ಚಿನ ದೋಷವಿರಬೇಕು, ಎರಡು ಎಂದು ತಿದ್ದಿಕೊಳ್ಳಿರಿ” ಎಂದುಬಿಟ್ಟೆ. ನಲವತ್ತು ಪುಸ್ತಕಗಳಲ್ಲಿ ಸರಿಯಾಗಿದ್ದ ಉತ್ತರವನ್ನು ಮಕ್ಕಳು ಶಾಯಿಯಿಂದ ಹೊಡೆದುಹಾಕಿದರು. ಆದರೆ ಮನೆಯ ದಾರಿ ಹಿಡಿದಾಗ ಮನಸ್ಸಿಗೆ ಸಮಾಧಾನವಿರಲಿಲ್ಲ. ಪುಸ್ತಕ ಬರೆದವರಿಗೆ ತಿಳಿಯದ್ದು ನನಗೆ ಒಂದು ನಿಮಿಷದಲ್ಲಿ ತಿಳಿಯಿತೆಂಬುದು ಅಷ್ಟು ನಂಬತಕ್ಕ ಮಾತಾಗಿರಲಿಲ್ಲ.

ಅಂತಹ ಬಳೆಯನ್ನು ಮಾಡಿಸಲು ನನ್ನಲ್ಲಿ ಉಪಕರಣಗಳಿರಲಿಲ್ಲ. ಆದರೆ ಗೆಲಿಲಿಯೋ ಕಬ್ಬಿಣದ ಬಳೆಯಿಲ್ಲದೆಯೇ ಇದೇ ವಿಷಯವನ್ನು ವಿಚಾರಿಸಿದ ಬಗೆಯನ್ನು ಹಿಂದೆ ಓದಿದ್ದು ನೆನಪಿಗೆ ಬಂದಿತು. ಇಟಲಿಯ ಆ ವಿಜ್ಞಾನಿಯ ಕೊನೆಯ ದೊಡ್ಡ ಗ್ರಂಥ ‘ಎರಡು ಹೊಸ ವಿಜ್ಞಾನಗಳು’ 1638 ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯಿತು. ಮೂವರು ಮಿತ್ರರ ಸಂಭಾಷಣೆಯ ರೂಪದಲ್ಲಿರುವ ಆ ಗ್ರಂಥದಲ್ಲಿ ಒಂದು ಪ್ರಯೋಗ ಬರುತ್ತದೆ. ಗೋಡೆಗೆ ಒಂದು ಮೊಳೆ ಹೊಡೆದು, ಅದರಿಂದ ಸಣ್ಣ ದಾರದಲ್ಲಿ ಸೀಸದ ಗುಂಡನ್ನು ಗೋಡೆಗೆ ತಗಲದಂತೆ ಎರಡು ಬೆರಳಗಲ ದೂರದಲ್ಲಿ ತೂಗುಬಿಡಬೇಕು. ಗುಂಡನ್ನು ಒಂದು ಪಕ್ಕಕ್ಕೆ ಎಳೆದು ಬಿಟ್ಟರೆ ಅದು ಇನ್ನೊಂದು ಪಕ್ಕದಲ್ಲಿ ಹೆಚ್ಚುಕಡಮೆ ಅಷ್ಟೇ ಎತ್ತರಕ್ಕೆ ಏರುತ್ತದೆ. ಇನ್ನು ಮೊದಲಿನ ಮೊಳೆಯ ನೇರ ಕೆಳಗೆ ಇನ್ನೊಂದು ಮೊಳೆ ಹೊಡೆದರೆ, ದಾರವು ಅದಕ್ಕೆ ತಡೆದು ಅರ್ಧ ದಾರಿಯಲ್ಲಿ ಮಡಿಸಿಕೊಳ್ಳುತ್ತದೆ. ಗುಂಡಿನ ದಾರಿ ಕಿರಿದಾದ ಬೇರೊಂದು ವೃತ್ತವಾಗುತ್ತದೆ. ಆದರೂ ಗುಂಡು ಏರುವುದು ಮೊದಲಿನ ಮಟ್ಟಕ್ಕೇ! ಯಾವ ದಾರಿಯಲ್ಲಿ ಇಳಿಯಿತು, ಯಾವ ದಾರಿಯಲ್ಲಿ ಏರಿತು ಎಂಬುದು ಲೆಕ್ಕಕ್ಕಿಲ್ಲ. ಎಷ್ಟು ಎತ್ತರದಿಂದ ಇಳಿಯಿತೆಂಬುದಷ್ಟೇ ಲೆಕ್ಕ. ಶಕ್ತಿ ಸಂರಕ್ಷಣೆಯ ನಿಯಮವನ್ನು ಹೆಲ್ಮ್‌ಹೋಲ್ಟ್ಸ್ ಮೊದಲಾದವರು ವಿಶದವಾಗಿ ನಿರೂಪಿಸಿದ್ದು 1840 ರ ದಶಕದಲ್ಲಿ. ಅದಕ್ಕೆ ಎರಡು ಶತಮಾನ ಮುಂಚೆ, ಆ ಹೆಸರೇ ಹುಟ್ಟಿರದ ಕಾಲದಲ್ಲಿ, ಒಂದು ದಾರ ಮತ್ತು ಎರಡು ಮೊಳೆಗಳಿಂದ ಗೆಲಿಲಿಯೋ ಅದರ ತಿರುಳನ್ನು ತೋರಿಸಿದ್ದನು.

ಆದರೆ ನನ್ನ ಕುತೂಹಲವಿದ್ದದ್ದು ಅವನು ಕೊನೆಗೆ ಸೇರಿಸಿದ ಒಂದು ಮಾತಿನಲ್ಲಿ. ಕೆಳಗಿನ ಮೊಳೆಯನ್ನು ಬಹಳ ತಗ್ಗಿನಲ್ಲಿ ಹೊಡೆದರೆ, ಅಂದರೆ ಮೊಳೆಯ ಸುತ್ತಲಿನ ವೃತ್ತದ ನೆತ್ತಿಯೇ ಗುಂಡನ್ನು ಬಿಟ್ಟ ಮಟ್ಟಕ್ಕಿಂತ ಕೆಳಗೆ ಉಳಿದರೆ, ಗುಂಡು ಆ ಮಟ್ಟವನ್ನು ಮುಟ್ಟುವುದು ಸಾಧ್ಯವಿಲ್ಲವಷ್ಟೆ? ಆಗ ದಾರವು ಮೊಳೆಯನ್ನು ಹಾರಿ ದಾಟಿ ಅದಕ್ಕೆ ಸುತ್ತಿಕೊಳ್ಳುತ್ತದೆ ಎನ್ನುತ್ತಾನೆ ಗೆಲಿಲಿಯೋ. ನನ್ನ ಶಿಷ್ಯೆಯ ಪ್ರಶ್ನೆಯೂ ಇದೇ ಅಲ್ಲವೆ? ಎರಡರಷ್ಟು ಎತ್ತರ ಸಾಕೆಂಬ ನನ್ನ ಮಾತಿಗೆ ಗೆಲಿಲಿಯೋವಿನ ಬೆಂಬಲವೇ ದೊರೆತಂತಾಯಿತು.

ಮನೆಯ ಜಗಲಿಯ ಗೋಡೆಗೆ ಮೊಳೆ ಹೊಡೆದು 1 ಮೀಟರ್ ಉದ್ದದ ದಾರವನ್ನು ಕಟ್ಟಿದೆ. ಗಾರೆ ಕೆಲಸದವರು ಗೋಡೆಯ ನೇರ ನೋಡಲು ತೂಗುಬಿಡುವ ಗುಂಡನ್ನು ಪಕ್ಕದ ಮನೆಯಿಂದ ಎರವಲು ತಂದೆ. ಸರಿಯಾಗಿ 50 ಸೆಂಟಿಮೀಟರ್ ಕೆಳಗೆ ಎರಡನೆಯ ಮೊಳೆ. ಗುಂಡನ್ನು ಮೇಲಿನ ಮೊಳೆಯ ಮಟ್ಟಕ್ಕೆ ಎತ್ತಿ ದಾರವನ್ನು ಅಡ್ಡಡ್ಡವಾಗಿ ಬಿಗಿಯಾಗಿ ಹಿಡಿದು ಬಿಟ್ಟರೆ, ಇಳಿಯುವ ಎತ್ತರ 100 ಸೆಂಟಿಮೀಟರ್, ಸುತ್ತಬೇಕಾದ ವೃತ್ತದ ತ್ರಿಜ್ಯ 50. ತ್ರಿಜ್ಯದ ಎರಡರಷ್ಟು. ಬಿಟ್ಟೆ. ಗುಂಡು ಸುಯ್ಯೆಂದು ಇಳಿದು, ಮೊಳೆಯನ್ನು ದಾಟಿ, ದಾರ ಮೊಳೆಗೆ ಸುತ್ತಿಕೊಂಡಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಎರಡನೆಯ ಸಲ ನೋಡುವ ಬುದ್ಧಿ ಬಂದದ್ದು ಪುಣ್ಯ. ಮೊಳೆಯನ್ನು ಕೇಂದ್ರವಾಗಿಟ್ಟುಕೊಂಡು ಗೋಡೆಯ ಮೇಲೆ ಸೀಮೆಸುಣ್ಣದಿಂದ 50 ಸೆಂಟಿಮೀಟರ್ ತ್ರಿಜ್ಯದ ವೃತ್ತವೊಂದನ್ನು ಎಳೆದೆ. ಗುಂಡು ಮೊದಮೊದಲು ಆ ಗೆರೆಯ ಮೇಲೆಯೇ ಏರಿತು. ನೆತ್ತಿ ಇನ್ನೂ ದೂರವಿರುವಾಗಲೇ ಗೆರೆಯನ್ನು ಬಿಟ್ಟು ಒಳಕ್ಕೆ ಸರಿಯಿತು, ದಾರ ಜೋಲಾಯಿತು, ಎಸೆದ ಕಲ್ಲಿನಂತೆ ಗುಂಡು ಕಮಾನು ಕಟ್ಟಿ ಮೊಳೆಯ ಮೇಲಿನಿಂದ ಹಾದು ಆಚೆಗೆ ಬಿದ್ದಿತು. ಗೆಲಿಲಿಯೋ ಹೇಳಿದ್ದು ಸುಳ್ಳಲ್ಲ: ದಾರ ಮೊಳೆಯನ್ನು ಹಾರಿ ದಾಟಿದ್ದು ನಿಜ, ಸುತ್ತಿಕೊಂಡದ್ದೂ ನಿಜ. ಅದು ಪೂರ್ಣವೃತ್ತ ಎಂದು ಅವನೇನೂ ಹೇಳಿರಲಿಲ್ಲ. ವೃತ್ತವೆಂದು ಭಾವಿಸಿದವನು ನಾನು. ಗುಂಡಿನ ಬದಲು ಹಳಿಯ ಮೇಲಿನ ಗಾಡಿಯಾಗಿದ್ದರೆ, ಅದು ನೆತ್ತಿಯನ್ನು ಮುಟ್ಟುವ ಮೊದಲೇ ಹಳಿಯಿಂದ ಕಳಚಿ ಬೀಳುತ್ತಿತ್ತು.

ಹಾಗಾದರೆ ಶಕ್ತಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಲೆಕ್ಕ ಹಾಕಿ ನೋಡಿದರೆ, ಗುಂಡು ವೃತ್ತವನ್ನು ಬಿಡುವುದು ತಳದಿಂದ ಸುಮಾರು 83 ಸೆಂಟಿಮೀಟರ್ ಎತ್ತರದಲ್ಲಿ. ಅಲ್ಲಿಂದ ಕಮಾನಿನ ದಾರಿಯಲ್ಲಿ ಅದು ಏರುವುದು ಸುಮಾರು 93 ರವರೆಗೆ. ಉಳಿದ 7 ಸೆಂಟಿಮೀಟರ್ ಎತ್ತರಕ್ಕೆ ಸಲ್ಲಬೇಕಾಗಿದ್ದ ಶಕ್ತಿಯು ಗುಂಡು ಅಡ್ಡಲಾಗಿ ಮುಂದೆ ಸಾಗುವ ಚಲನೆಯಲ್ಲಿ ಉಳಿದಿರುತ್ತದೆ. ಶಕ್ತಿಯ ಖಾತೆಯಲ್ಲಿ ಒಂದು ಕಾಸೂ ಕಡಮೆಯಾಗಿಲ್ಲ. ನನ್ನ ತಪ್ಪು ಬೇರೆ ಕಡೆಯಲ್ಲಿತ್ತು. ವಸ್ತು ಎಷ್ಟು ಎತ್ತರಕ್ಕೆ ಏರಬಲ್ಲುದು ಎಂಬುದಕ್ಕೆ ಶಕ್ತಿ ಸಂರಕ್ಷಣೆಯ ನಿಯಮವು ಮೇಲಿನ ಎಲ್ಲೆಯನ್ನು ಗೊತ್ತುಮಾಡುತ್ತದೆ. ಅದು ಯಾವ ದಾರಿಯಲ್ಲಿ ಹೋಗುವುದೆಂಬುದನ್ನು ಹೇಳುವುದಿಲ್ಲ. ದಾರಿಯನ್ನು ನಿರ್ಧರಿಸುವುದು ಬಲ.

ವೃತ್ತದಲ್ಲಿ ಚಲಿಸುವ ವಸ್ತುವಿನ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ವಸ್ತುವು ನೇರವಾಗಿ ಹೋಗುತ್ತದೆಯೇ ಹೊರತು ಬಾಗುವುದಿಲ್ಲ. ಕವಣೆಯಿಂದ ಬಿಟ್ಟ ಕಲ್ಲನ್ನು ನೋಡಿದವರಿಗೆಲ್ಲ ಇದು ತಿಳಿದ ವಿಷಯ. ಅದನ್ನು ಎಡೆಬಿಡದೆ ಕೇಂದ್ರದ ಕಡೆಗೆ ಬಾಗಿಸುವ ಬಲವೊಂದು ಬೇಕು. ಎಷ್ಟು ಬೇಕು? ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವ ವೇಗೋತ್ಕರ್ಷವನ್ನು ಉಂಟುಮಾಡುವಷ್ಟು. ವೇಗ ಹೆಚ್ಚಿದರೆ ಹೆಚ್ಚು ಬಲ ಬೇಕು, ವೇಗ ಕಡಮೆಯಾದರೆ ಕಡಮೆ ಬಲ ಸಾಕು.

ಈಗ ವೃತ್ತದ ನೆತ್ತಿಯಲ್ಲಿರುವ ಗುಂಡನ್ನು ಭಾವಿಸಿಕೊಳ್ಳಿರಿ. ಕೇಂದ್ರವಿರುವುದು ಅದರ ನೇರ ಕೆಳಗೆ. ಗುರುತ್ವ ಎಳೆಯುವುದೂ ನೇರ ಕೆಳಕ್ಕೆ. ದಾರ ಎಳೆಯಲಿ ಬಿಡಲಿ, ಗುರುತ್ವವಂತೂ ಎಳೆದೇ ತೀರುತ್ತದೆ; ಅದನ್ನು ಕಡಮೆ ಮಾಡುವ ಉಪಾಯವಿಲ್ಲ. ಗುಂಡಿನ ವೇಗ ತೀರ ಕಡಮೆಯಾಗಿದ್ದರೆ ವೃತ್ತಕ್ಕೆ ಬೇಕಾದುದಕ್ಕಿಂತ ಗುರುತ್ವವೇ ಹೆಚ್ಚಾಗಿ, ಗುಂಡನ್ನು ಅತಿಯಾಗಿ ಬಾಗಿಸಿ ವೃತ್ತದ ಒಳಕ್ಕೆ ಕೆಡವುತ್ತದೆ. ದಾರಕ್ಕೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಆದ್ದರಿಂದ ಗುರುತ್ವ ಒಂದೇ ಸರಿಹೋಗುವಷ್ಟು ವೇಗವಾದರೂ ನೆತ್ತಿಯಲ್ಲಿ ಗುಂಡಿಗೆ ಇರಲೇಬೇಕು. ಅಂದರೆ ಅಲ್ಲಿ ವೇಗದ ವರ್ಗವು ಗುರುತ್ವ ವೇಗೋತ್ಕರ್ಷವನ್ನು ತ್ರಿಜ್ಯದಿಂದ ಗುಣಿಸಿದಷ್ಟು ಆಗಬೇಕು. ಇನ್ನು ಬೀಳುವ ವಸ್ತುವಿನ ನಿಯಮವನ್ನು ನೆನೆಯಿರಿ: ಯಾವುದೇ ಎತ್ತರದಿಂದ ಇಳಿದ ವಸ್ತುವಿನ ವೇಗದ ವರ್ಗವು ಗುರುತ್ವ ವೇಗೋತ್ಕರ್ಷವನ್ನು ಆ ಎತ್ತರದಿಂದ ಗುಣಿಸಿ ಇಮ್ಮಡಿಸಿದಷ್ಟು. ಎರಡನ್ನೂ ಹೋಲಿಸಿದರೆ, ಬೇಕಾದ ಎತ್ತರ ತ್ರಿಜ್ಯದ ಸರಿಯಾಗಿ ಅರ್ಧ ಎಂದಾಯಿತು. ನೆತ್ತಿಯವರೆಗೆ ಏರಲು ಎರಡು ತ್ರಿಜ್ಯ, ನೆತ್ತಿಯಲ್ಲಿ ವೇಗವಿರಲು ಅರ್ಧ ತ್ರಿಜ್ಯ. ಆ ಹುಡುಗಿ ಕೇಳಿದ ಅರ್ಧ ಇದು.

ಗುಂಡಿನ ತೂಕ ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು. ತಳ್ಳಲು ಬರುವ ಆಧಾರವಿದ್ದರೆ ಉತ್ತರವೇ ಬೇರೆಯಾಗುತ್ತದೆ: ತಂತಿಯ ಬಳೆಗೆ ಪೋಣಿಸಿದ ಮಣಿಯನ್ನು ತಂತಿಯು ಕೆಳಗಿನಿಂದಲೂ ಆತುಕೊಳ್ಳುವುದರಿಂದ ಅದಕ್ಕೆ ಎರಡಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೆ ಸಾಕು. ಉರುಳುವ ಗೋಲಿಯಲ್ಲಿ ಪ್ರಯೋಗ ಮಾಡುವವರು ಮಾತ್ರ 2.5 ನ್ನು ನಂಬಿ ಮೋಸಹೋಗಬಾರದು. ಗೋಲಿಯು ತನ್ನ ಸುತ್ತ ತಾನು ತಿರುಗುವುದಕ್ಕೂ ಶಕ್ತಿಯ ಒಂದು ಪಾಲನ್ನು ತೆಗೆದುಕೊಳ್ಳುವುದರಿಂದ ಅದಕ್ಕೆ 2.7 ಬೇಕಾಗುತ್ತದೆ.

ಚೆಂಬಿನ ನೀರಿನ ರಹಸ್ಯವೂ ಇಲ್ಲಿಯೇ ಇದೆ. ನೀರು ಬೀಳುವುದಿಲ್ಲವೆಂಬುದೇ ಸರಿಯಲ್ಲ. ನೇರವಾಗಿ ಹೋಗಬೇಕಾಗಿದ್ದ ನೀರು ಗುರುತ್ವದ ಎಳೆತಕ್ಕೆ ಕ್ಷಣಕ್ಷಣವೂ ಬೀಳುತ್ತಲೇ ಇರುತ್ತದೆ. ಆದರೆ ಚೆಂಬೂ ಅಷ್ಟೇ ಬಾಗಿ ಬರುತ್ತಿರುವಾಗ ನೀರು ಅದನ್ನು ಬಿಟ್ಟು ಹೋಗುವುದಾದರೂ ಎಲ್ಲಿಗೆ? ವೇಗ ಇನ್ನೂ ಹೆಚ್ಚಿದ್ದರೆ ಗುರುತ್ವವೊಂದೇ ಸಾಲದೆ ಚೆಂಬಿನ ತಳವೇ ನೀರನ್ನು ಕೆಳಕ್ಕೆ ಒತ್ತಬೇಕಾಗುತ್ತದೆ. ಕೈ ಮತ್ತು ಹಗ್ಗ ಸೇರಿ 1 ಮೀಟರ್ ಉದ್ದವಿದ್ದರೆ, ನೆತ್ತಿಯಲ್ಲಿ ಸೆಕೆಂಡಿಗೆ 3.13 ಮೀಟರ್ ವೇಗವಿರಬೇಕು. ಅದಕ್ಕಿಂತ ತಗ್ಗಿದರೆ ಸ್ನಾನ ತಪ್ಪಿದ್ದಲ್ಲ.

ಜಗಲಿಯ ಪ್ರಯೋಗಕ್ಕೆ ಮರಳೋಣ. ಎತ್ತರ 100 ಸೆಂಟಿಮೀಟರ್ ಆದರೆ ಅದರ ಎರಡೂವರೆಯಲ್ಲಿ ಒಂದು ಪಾಲು 40. ಆದ್ದರಿಂದ ಎರಡನೆಯ ಮೊಳೆಯನ್ನು ಕಿತ್ತು ಮೇಲಿನಿಂದ 60 ಸೆಂಟಿಮೀಟರ್ ಕೆಳಗೆ ಹೊಡೆದೆ. ಗುಂಡನ್ನು ಬಿಟ್ಟೊಡನೆ ಆದದ್ದೇ ಬೇರೆ. ತಳಕ್ಕೆ ಬಂದು ದಾರ ಮೊಳೆಗೆ ತಗಲಿದ ಆ ಕ್ಷಣದಲ್ಲಿಯೇ ದಾರ ಫಟ್ಟನೆ ಹರಿದು, ಗುಂಡು ಜಗಲಿಯ ಉದ್ದಕ್ಕೂ ಹಾರಿ ತುಳಸಿಕಟ್ಟೆಗೆ ಬಡಿಯಿತು. ಅದರ ದಾರಿಯಲ್ಲಿ ಯಾರೂ ಇರಲಿಲ್ಲವೆಂಬುದು ನಮ್ಮ ಭಾಗ್ಯ. ನೀವು ಈ ಪ್ರಯೋಗವನ್ನು ಮಾಡುವುದಾದರೆ ಗಟ್ಟಿ ದಾರವನ್ನೂ ಹಗುರವಾದ ಗುಂಡನ್ನೂ ಬಳಸಿರಿ, ಎದುರಿನಲ್ಲಿ ಯಾರನ್ನೂ ನಿಲ್ಲಗೊಡಬೇಡಿರಿ.

ಅಷ್ಟು ಹೊತ್ತು ತಾಳಿದ್ದ ದಾರ ಅಲ್ಲಿಯೇ ಏಕೆ ಹರಿಯಬೇಕು? ಇದಕ್ಕೆ ಉತ್ತರ ಕೊಟ್ಟವನು ಹಾಲೆಂಡಿನ ಕ್ರಿಸ್ತಿಯಾನ್ ಹೈಗನ್ಸ್. ಲೋಲಕದ ಗಡಿಯಾರವನ್ನು ನಿರ್ಮಿಸಿದ ಈ ಮಹಾಶಯನು 1673 ರಲ್ಲಿ ಪ್ರಕಟಿಸಿದ ತನ್ನ ಗಡಿಯಾರದ ಗ್ರಂಥದ ಕೊನೆಯಲ್ಲಿ ವೃತ್ತೀಯ ಚಲನೆಯನ್ನು ಕುರಿತ ಕೆಲವು ಪ್ರಮೇಯಗಳನ್ನು ಸಾಧನೆಗಳಿಲ್ಲದೆ ಕೊಟ್ಟಿದ್ದಾನೆ. ಸಾಧನೆಗಳು ಬೆಳಕು ಕಂಡದ್ದು ಅವನು ತೀರಿಕೊಂಡು ಎಂಟು ವರ್ಷಗಳ ಮೇಲೆ, 1703 ರಲ್ಲಿ. ಕಾಲುವೃತ್ತದಷ್ಟು ಎತ್ತರದಿಂದ ಇಳಿದು ಬಂದ ಲೋಲಕವು ತಳದಲ್ಲಿ ತನ್ನ ದಾರವನ್ನು, ಸುಮ್ಮನೆ ತೂಗುತ್ತಿದ್ದಾಗ ಎಳೆಯುವುದರ ಮೂರರಷ್ಟು ಎಳೆಯುತ್ತದೆ ಎಂಬುದು ಅವನ ಒಂದು ಪ್ರಮೇಯ. ನೆಟ್ಟಗಿನ ವೃತ್ತವನ್ನು ಪೂರ್ತಿ ಸುತ್ತಬೇಕಾದ ಗುಂಡಿನ ದಾರವು ಗುಂಡಿನ ತೂಕದ ಆರರಷ್ಟನ್ನು ತಾಳಬಲ್ಲುದಾಗಿರಬೇಕು ಎಂಬುದು ಇನ್ನೊಂದು. ನನ್ನ ಜಗಲಿಯಲ್ಲಿ ಈ ಎರಡು ಪ್ರಮೇಯಗಳೂ ಒಂದೇ ಬಿಂದುವಿನಲ್ಲಿ ಸಂಧಿಸಿದ್ದವು. ಗುಂಡು ತಳಕ್ಕೆ ಬರುವಾಗ ತ್ರಿಜ್ಯ 100, ಎಳೆತ ಮೂರು ಪಟ್ಟು. ದಾರ ಮೊಳೆಗೆ ತಗಲಿದೊಡನೆ ವೇಗ ಅಷ್ಟೇ ಇದ್ದರೂ ತ್ರಿಜ್ಯ 40 ಕ್ಕೆ ಇಳಿಯಿತು. ಎಳೆತ ಕಣ್ಣೆವೆಯಿಕ್ಕುವಷ್ಟರಲ್ಲಿ ಆರು ಪಟ್ಟಾಯಿತು. ಹಳೆಯ ದಾರ ಅದನ್ನು ತಾಳಲಿಲ್ಲ.

ದಾರ ಹರಿದರೆ ಇನ್ನೊಂದನ್ನು ಕಟ್ಟಬಹುದು. ಆ ಆರು ಪಟ್ಟು ಮನುಷ್ಯರ ಕುತ್ತಿಗೆಯ ಮೇಲೆ ಬಿದ್ದರೆ? ಅಮೆರಿಕದ ನ್ಯೂಯಾರ್ಕ್ ನಗರದ ಕಡಲತೀರದಲ್ಲಿ ಕೋನಿ ಐಲೆಂಡ್ ಎಂಬ ವಿಹಾರಸ್ಥಳವಿದೆ. 1895 ರಲ್ಲಿ ಅಲ್ಲಿ ‘ಫ್ಲಿಪ್ ಫ್ಲ್ಯಾಪ್’ ಎಂಬ ಆಟದ ರೈಲನ್ನು ಕಟ್ಟಿದರು. ಇಳಿಜಾರಿನಿಂದ ಬಂದ ಗಾಡಿಯು ಜನರನ್ನು ಕೂರಿಸಿಕೊಂಡೇ, ಸುಮಾರು 25 ಅಡಿ ವ್ಯಾಸದ ಬಳೆಯಂತಹ ಹಳಿಯಲ್ಲಿ ತಲೆಕೆಳಗಾಗಿ ಒಂದು ಸುತ್ತು ಬರುತ್ತಿತ್ತು. ಬಳೆ ಅಚ್ಚುಕಟ್ಟಾದ ವೃತ್ತ. ಗಾಡಿಯು ನೆತ್ತಿಯಿಂದ ಬೀಳಬಾರದೆಂದರೆ ತಳದಲ್ಲಿ ಅದಕ್ಕೆ ಸಾಕಷ್ಟು ವೇಗವಿರಲೇಬೇಕು. ಆ ವೇಗವಿದ್ದರೆ, ನೇರ ಹಳಿಯಿಂದ ವೃತ್ತದೊಳಕ್ಕೆ ಹೊಕ್ಕೊಡನೆ ಪ್ರತಿಯೊಬ್ಬ ಪ್ರಯಾಣಿಕನ ಮೈಯೂ ತನ್ನ ತೂಕದ ಆರರಷ್ಟಕ್ಕೆ ಕಡಮೆಯಿಲ್ಲದ ಒತ್ತಡಕ್ಕೆ ಒಮ್ಮೆಗೇ ಸಿಕ್ಕುತ್ತದೆ. ಜನ ಕುತ್ತಿಗೆ ನೋಯಿಸಿಕೊಂಡು ಇಳಿಯುತ್ತಿದ್ದರು.

ಬಳೆಯನ್ನು ದೊಡ್ಡದು ಮಾಡಿದರೆ ಸರಿಹೋಗುತ್ತದೆಂದು ಯಾರಿಗಾದರೂ ತೋರಬಹುದು. ನನಗೂ ತೋರಿತ್ತು. ಆದರೆ ತ್ರಿಜ್ಯ ಹೆಚ್ಚಿದಷ್ಟೂ ಎತ್ತರ ಹೆಚ್ಚಬೇಕು, ಎತ್ತರ ಹೆಚ್ಚಿದಷ್ಟೂ ವೇಗದ ವರ್ಗ ಹೆಚ್ಚುತ್ತದೆ. ಭಾಗಿಸಿದರೆ ಮತ್ತೆ ಅದೇ ಆರು. ಬೆರಳುಂಗುರದಷ್ಟು ಚಿಕ್ಕ ವೃತ್ತಕ್ಕೂ ಗೋಪುರದಷ್ಟು ದೊಡ್ಡ ವೃತ್ತಕ್ಕೂ ಆರೇ. ವೃತ್ತವಾಗಿರುವವರೆಗೆ ಬಿಡುಗಡೆಯಿಲ್ಲ. ಉಳಿದ ಉಪಾಯ ಒಂದೇ, ವೃತ್ತವನ್ನೇ ಕೈಬಿಡುವುದು. 1901 ರಲ್ಲಿ ಅದೇ ಕೋನಿ ಐಲೆಂಡಿನಲ್ಲಿ ಕಟ್ಟಿದ ‘ಲೂಪ್ ದಿ ಲೂಪ್’ ಎಂಬ ರೈಲಿನ ಬಳೆಯನ್ನು ಮೊಟ್ಟೆಯಾಕಾರಕ್ಕೆ ಹತ್ತಿರ ತಂದರು. ವೇಗ ಹೆಚ್ಚಿರುವ ತಳದಲ್ಲಿ ತ್ರಿಜ್ಯವೂ ದೊಡ್ಡದಾಗಿರಬೇಕು, ವೇಗ ಕುಗ್ಗುವ ನೆತ್ತಿಯಲ್ಲಿ ತ್ರಿಜ್ಯವೂ ಚಿಕ್ಕದಾಗಬೇಕು ಎಂಬುದು ಇದರ ತತ್ತ್ವ. ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್ ವಿಹಾರಧಾಮದಲ್ಲಿ 1976 ರಲ್ಲಿ ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕಾಫ್ ನಿರ್ಮಿಸಿದ ರೈಲಿಗಾಗಿ ವೆರ್ನರ್ ಸ್ಟೆಂಗೆಲ್ ಎಂಬ ಎಂಜಿನಿಯರರು ಈ ತತ್ತ್ವವನ್ನು ಸೂಕ್ಷ್ಮ ಗಣಿತದಿಂದ ಸಾಧಿಸಿದರು. ಅವರು ಬಳಸಿದ ವಕ್ರರೇಖೆಯು ನೇರವಾಗಿ ಆರಂಭವಾಗಿ, ಮುಂದುವರಿದಂತೆಲ್ಲ ಒಂದೇ ಸಮನಾಗಿ ಹೆಚ್ಚುಹೆಚ್ಚು ಬಾಗುತ್ತ ಹೋಗುತ್ತದೆ. ರೈಲು ಹಳಿ ಹಾಕುವವರು ನೇರದಾರಿಯಿಂದ ತಿರುವಿಗೆ ಹೊರಳುವಲ್ಲಿ ಬಳಸುವ ರೇಖೆಯೂ ಇದೇ. ಅದರಿಂದ ಉಂಟಾದ ಬಳೆ ತಲೆಕೆಳಗಾದ ನೀರಹನಿಯಂತೆ ಕಾಣುತ್ತದೆ. ಆರು ಪಟ್ಟಿನ ಹೊಡೆತ ಒಮ್ಮೆಗೇ ಬೀಳುವ ಬದಲು, ಅದಕ್ಕಿಂತ ಕಡಮೆಯಾದ ಭಾರವು ಮೆಲ್ಲಮೆಲ್ಲನೆ ಏರಿ ಮೆಲ್ಲಮೆಲ್ಲನೆ ಇಳಿಯುತ್ತದೆ. ಶಕ್ತಿಯ ಲೆಕ್ಕ ಇಲ್ಲಿಯೂ ಹಿಂದಿನದೇ. ಬದಲಾದದ್ದು ದಾರಿ ಮಾತ್ರ.

ಮಾರನೆಯ ದಿನ ಗುಂಡು, ಗಟ್ಟಿಯಾದ ಹುರಿ, ಮೊಳೆ, ಸುತ್ತಿಗೆಗಳೊಡನೆ ತರಗತಿಗೆ ಹೋದೆ. ನಿನ್ನೆ ಹೇಳಿದ್ದು ತಪ್ಪೆಂದು ಹೇಳಿ, ಕಪ್ಪುಹಲಗೆಯ ಪಕ್ಕದ ಗೋಡೆಗೆ ಮೊಳೆಗಳನ್ನು ಹೊಡೆದು, 50 ರಲ್ಲಿ ದಾರ ಜೋಲಾಗುವುದನ್ನು ಮಕ್ಕಳಿಗೆ ತೋರಿಸಿದೆ. ಹೊಡೆದುಹಾಕಿದ್ದ 2.5 ನ್ನು ಎಲ್ಲರೂ ಮತ್ತೆ ಬರೆದುಕೊಂಡರು. ಪ್ರಶ್ನೆ ಕೇಳಿದ ಹುಡುಗಿ ತನ್ನ ಪುಸ್ತಕದಲ್ಲಿ ಅದನ್ನು ಹೊಡೆದುಹಾಕಿಯೇ ಇರಲಿಲ್ಲ. ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಹಾಕಿಟ್ಟಿದ್ದಳು. 60 ರ ಮೊಳೆಯಲ್ಲಿ ಗುಂಡು ನೆತ್ತಿಯ ಬಳಿ ಇನ್ನೂ ಸ್ವಲ್ಪ ತಡವರಿಸಿತು. ಮೊಳೆಯನ್ನು 63 ಕ್ಕೆ ಇಳಿಸಿದ ಮೇಲೆ ಸೀಮೆಸುಣ್ಣದ ಗೆರೆಯನ್ನು ಬಿಡದೆ ಒಂದು ಸುತ್ತು ಬಂದಿತು.

ರಜೆ ಮುಗಿಸಿ ಬಂದ ವಿಜ್ಞಾನದ ಮೇಷ್ಟ್ರು ಗೋಡೆಯನ್ನು ನೋಡಿ ನಕ್ಕರು. “50 ರ ತೂತು ತಮ್ಮದು, 60 ರದ್ದು ಪುಸ್ತಕದ್ದು. ಅದರ ಕೆಳಗಿನ ಇನ್ನೊಂದು ಏತಕ್ಕೆ, ಪಂಡಿತರೆ?” ಎಂದು ಕೇಳಿದರು.

“ಅದು ಗಾಳಿಯದು” ಎಂದೆ.